ಕಾಜಾಕ್ಕನ ಮನೆ ಯಾವ ಜಿಲ್ಲೆಯದು

ಕಾಜಾಕ್ಕನ ಜೊತೆ ವಾದಕ್ಕೆ ನಿಂತು ಗೆದ್ದವರು ಆ ಊರಿನಲ್ಲಿ ಯಾರೂ ಇಲ್ಲ. ಹಾಗಂತ ಅವಳೇನೂ ಜಗಳಗಂಟಿಯಲ್ಲ. ದನಿ ಏರಿಸುವುದಿಲ್ಲ, ಕೈ ಬೀಸುವುದಿಲ್ಲ, ಕಣ್ಣೀರಂತೂ ಮೊದಲೇ ಇಲ್ಲ. ಎದುರಿಗಿರುವವರು ಹೇಳುವುದನ್ನೆಲ್ಲ ಹೇಳಿ ಮುಗಿಸುವವರೆಗೆ ಸೂಜಿಗೆ ದಾರ ಪೋಣಿಸುತ್ತಾ ಕೂತಿರುತ್ತಾಳೆ. ಆಮೇಲೆ ತಲೆ ಎತ್ತಿ, "ಸರಿ, ಇದನ್ನ ಬರೆದು ಕೊಡ್ತೀರಾ?" ಅಂತ ಕೇಳುತ್ತಾಳೆ. ಅಷ್ಟಕ್ಕೇ ಎಷ್ಟೋ ಜನ ಜಾಗ ಖಾಲಿ ಮಾಡಿದ್ದಾರೆ.

ತಂದೆ ತಾಯಿ ಇಟ್ಟ ಹೆಸರು ಬೇರೆ ಇದೆ, ಅದನ್ನು ಕರೆಯುವವರಿಲ್ಲ. ಅಂಗಿಯ ಗುಂಡಿ ತೂರುವುದಕ್ಕೆ ಒಂದು ಸೀಳು ಇರುತ್ತದಲ್ಲ, ಅದರ ಸುತ್ತ ದಾರದಿಂದ ಅಂಚು ಕಟ್ಟುವ ಕೆಲಸಕ್ಕೆ ಕಾಜಾ ಹಾಕುವುದು ಅನ್ನುತ್ತಾರೆ. ಮೂವತ್ತೆರಡು ವರ್ಷದಿಂದ ಅವಳು ಅದನ್ನೇ ಮಾಡುತ್ತಿದ್ದಾಳೆ. ಮೆಷಿನ್ ಕಾಜಾ ಬಂದು ಎಷ್ಟೋ ಕಾಲವಾಯಿತು. ಆದರೂ ಒಳ್ಳೆಯ ದರ್ಜಿಗಳು ಒಳ್ಳೆಯ ಬಟ್ಟೆಯನ್ನು ಈಗಲೂ ಅವಳ ಮನೆಗೇ ಕಳಿಸುತ್ತಾರೆ. ಒಂದು ಅಂಗಿಗೆ ಏಳು ಕಾಜಾ, ತೋಳಿನದು ಸೇರಿದರೆ ಒಂಬತ್ತು. ಸೀಳನ್ನು ಒಂದೇ ಏಟಿಗೆ ಕತ್ತರಿಸಬೇಕು, ಎರಡನೇ ಏಟು ಬಿತ್ತೆಂದರೆ ಬಟ್ಟೆ ಕೆಟ್ಟಿತು. ಹೀಗೆ ಕೆಡಿಸಿದ್ದು ಅವಳ ಲೆಕ್ಕದಲ್ಲಿ ಇಷ್ಟು ವರ್ಷಕ್ಕೆ ನಾಲ್ಕೇ ನಾಲ್ಕು. ಆ ನಾಲ್ಕರ ಬಣ್ಣವನ್ನೂ ಅವಳು ಇವತ್ತಿಗೂ ಹೇಳಬಲ್ಲಳು.

ವಯಸ್ಸು ಐವತ್ತನಾಲ್ಕು. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ಬಂದವರಿಗೆಲ್ಲ ಮನೆ ಇಷ್ಟವಾಯ್ತು, ನಾನು ಇಷ್ಟವಾಗಲಿಲ್ಲ" ಅನ್ನುತ್ತಾಳೆ. ಅದು ತಮಾಷೆಯೋ ನಿಜವೋ ತಿಳಿಯದೆ ಕೇಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮನೆ ಅಂದರೆ ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಣಗಿಸುವಷ್ಟು ಜಾಗ. ಮುಂದಿನ ಕೋಣೆಯಲ್ಲಿ ಪಡುವಣಕ್ಕೆ ಬಾಗಿಲು, ಬಾಗಿಲ ಪಕ್ಕ ಅಗಲವಾದ ಕಿಟಕಿ, ಕಿಟಕಿ ಮಗ್ಗುಲಲ್ಲಿ ಅವಳ ಮೇಜು. ಮಧ್ಯಾಹ್ನ ಎರಡರಿಂದ ಆರರವರೆಗೆ ಬೆಳಕು ನೇರ ಮೇಜಿನ ಮೇಲೆ ಬೀಳುತ್ತದೆ. ಕಪ್ಪು ಬಟ್ಟೆಗೆ ಕಪ್ಪು ದಾರದ ಕೆಲಸವನ್ನೆಲ್ಲ ಅವಳು ಆ ಹೊತ್ತಿಗೇ ಇಟ್ಟುಕೊಳ್ಳುತ್ತಾಳೆ.

ಈಗ ಊರಿನ ವಿಚಾರ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ಊರು ಒಂದೇ, ಜಿಲ್ಲೆ ಎರಡು. ಯಾವನೋ ಪುಣ್ಯಾತ್ಮ ಯಾವುದೋ ಕಾಲದಲ್ಲಿ ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆದ. ಕೆಳಗೆ ಊರೊಂದು ಇದೆಯೇ ಅಂತ ನೋಡುವ ಕಷ್ಟ ತೆಗೆದುಕೊಳ್ಳಲಿಲ್ಲ. ಗೆರೆ ಕ್ಷೌರದಂಗಡಿಯ ನಡುವೆ ಹೋಗುತ್ತದೆ, ಶಾಲೆಯ ಅಂಗಳದಲ್ಲಿ ಹೋಗುತ್ತದೆ, ಮೂವತ್ತಾರು ಮನೆಗಳ ಹೊಟ್ಟೆಯೊಳಗೆ ಹೋಗುತ್ತದೆ. ಆಚೆಗೆ ಮೂಡಣ ಜಿಲ್ಲೆ, ಈಚೆಗೆ ಪಡುವಣ ಜಿಲ್ಲೆ. ಎರಡಕ್ಕೂ ಬೇರೆ ಬೇರೆ ದಾಖಲೆ ಆಫೀಸು, ಬೇರೆ ಬೇರೆ ಮೊಹರು. ಸಮವಾಗಿರುವುದು ಗತ್ತು ಒಂದೇ. ಗೆರೆ ಹಾದುಹೋಗುವ ಮನೆಗಳಿಗೆ ಮಾತ್ರ ಒಂದು ಹಳೆಯ ಕಟ್ಟಳೆ ಇದೆ. ಮುಂಬಾಗಿಲು ಯಾವ ಕಡೆ ತೆರೆಯುತ್ತದೋ ಮನೆ ಆ ಜಿಲ್ಲೆಯದು. ಹಾಗಾಗಿ ಯಾವ ಆಫೀಸಿನ ಯಾವ ಕಿಟಕಿಗೆ ಹೋದರೂ ಹೆಸರು ಕೇಳುವ ಮೊದಲು, "ನಿಮ್ಮ ಬಾಗಿಲು ಯಾವ ಕಡೆ?" ಅಂತ ಕೇಳುತ್ತಾರೆ.

ಕಾಜಾಕ್ಕನ ಮನೆಯೂ ಆ ಮೂವತ್ತಾರರಲ್ಲಿ ಒಂದು.

ಒಂದು ಸೋಮವಾರ ಅವಳ ಗೋಡೆಗೆ ನೋಟೀಸು ಅಂಟಿತು. ಮುಂದಿನ ರಸ್ತೆಯನ್ನು ಅಗಲ ಮಾಡುತ್ತಾರಂತೆ. ಈ ಮನೆಗೆ ಎರಡು ಜಿಲ್ಲೆಯಲ್ಲೂ ದಾಖಲೆ ಕಾಣದ ಕಾರಣ ಇದು ರಸ್ತೆಯ ಜಾಗದಲ್ಲಿ ಎದ್ದ ಅಕ್ರಮ ಕಟ್ಟಡವಂತೆ. ರಸ್ತೆ ಆಗುವ ಮೊದಲೇ ಮನೆ ಇತ್ತು ಅನ್ನುವುದಕ್ಕೆ ದಾಖಲೆ ತಂದರೆ ಬಿಡುತ್ತಾರೆ, ಮೂವತ್ತು ದಿನದಲ್ಲಿ ತರದಿದ್ದರೆ ಕೆಡವುತ್ತಾರೆ. ರಸ್ತೆ ಆಗಿ ನಲವತ್ತೈದು ವರ್ಷ. ಅವಳು ಅದೇ ಮನೆಯ ಒಳಕೋಣೆಯಲ್ಲಿ ಹುಟ್ಟಿ ಐವತ್ತನಾಲ್ಕು. ಟಾರು ಸುರಿಯುವುದನ್ನು ಕಿಟಕಿಯಲ್ಲಿ ನಿಂತು ನೋಡಿದವಳಿಗೆ ನೀನು ಟಾರಿನ ಮೇಲೆ ಮನೆ ಕಟ್ಟಿದ್ದೀಯ ಅಂದರೆ ಹೇಗಾಗಬೇಡ!

ಅವತ್ತು ಸಂಜೆಯೇ ಅಣ್ಣ ಬಂದ. ಅಣ್ಣ ಬಸ್ ಡಿಪೋದಲ್ಲಿ ಟೈಂ ಕೀಪರ್. ಬಸ್ಸು ಹೊರಡುವ ಹೊತ್ತು ಬರೆದೂ ಬರೆದೂ ಎಲ್ಲವೂ ಹೊರಡುವುದಕ್ಕೇ ಇದೆ ಅನ್ನುವ ಹಾಗೆ ಆಡುತ್ತಾನೆ. ಒಳ್ಳೆಯವನೇ, ಆದರೆ ಖಾಕಿ ಬಟ್ಟೆ ಕಂಡರೂ ಸಾಕು, ಮೊಹರು ಕಂಡರೂ ಸಾಕು, ಎದ್ದು ನಿಂತು ಬೆನ್ನು ಬಾಗಿಸುತ್ತಾನೆ.

"ಪುಟ್ಟಿ, ಸುಮ್ಮನೆ ಬಂದುಬಿಡು. ನಮ್ಮ ಮನೇಲಿ ಮೇಲಿನ ಕೋಣೆ ಖಾಲಿ ಇದೆ," ಅಂದ. ಐವತ್ತನಾಲ್ಕಾದರೂ ಅವನಿಗೆ ಅವಳು ಪುಟ್ಟಿಯೇ.

"ಆ ಕೋಣೆಗೆ ಕಿಟಕಿ ಎಲ್ಲಿದೆ?"

"ಲೈಟ್ ಹಾಕ್ಕೊಂಡ್ರಾಯ್ತು."

"ಲೈಟ್ ಹಾಕ್ಕೊಂಡು ಕಪ್ಪು ಬಟ್ಟೆಗೆ ಕಾಜಾ ಹಾಕು ನೋಡೋಣ."

ಅಣ್ಣ ಕುರ್ಚಿಯ ತುದಿಗೆ ಸರಿದು ಕೂತ. ಎರಡು ಸಲ ನೀರು ಕುಡಿದ ಮೇಲೆ ವಿಷಯ ಹೊರಗೆ ಬಂತು. ರಸ್ತೆ ಇಂಜಿನಿಯರು ಡಿಪೋಕ್ಕೇ ಬಂದಿದ್ದರಂತೆ. ಅಪ್ಪನ ಮನೆ, ಮಗ ನೀವೇ ಅಲ್ಲವೇ ಅಂದರಂತೆ. ಮನೆ ಕೆಡವುವುದಕ್ಕೆ ನನ್ನ ತಕರಾರಿಲ್ಲ ಅಂತ ಇವನು ಸಹಿ ಹಾಕಿಬಿಟ್ಟಿದ್ದಾನೆ.

ಕಾಜಾಕ್ಕ ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟಳು. ಅಮ್ಮನನ್ನು ಕೊನೆಯ ಆರು ವರ್ಷ ನೋಡಿಕೊಂಡದ್ದು ಇದೇ ಮನೆಯಲ್ಲಿ, ಇವಳೇ. ಹೆಂಚು ಹೊರಳಿಸಿದ್ದು, ಗೋಡೆಗೆ ಸುಣ್ಣ ಹೊಡೆದದ್ದು ಇವಳೇ. ಆವಾಗೆಲ್ಲ ಮನೆಗೆ ಮಗ ಇದ್ದಾನೆ ಅನ್ನುವುದು ಯಾರಿಗೂ ನೆನಪಾಗಲಿಲ್ಲ.

"ತಕರಾರು ನಿನಗಿಲ್ಲದಿದ್ರೆ ಬೇಡ ಅಣ್ಣ. ನನಗಿದೆ," ಅಂದಳು. "ಈ ಮನೆ ಬಿಟ್ಟು ನಾನು ಒಂದು ಹೆಜ್ಜೆ ಇಡಲ್ಲ. ಸರ್ಕಾರಕ್ಕೂ ಹೇಳು, ಅತ್ತಿಗೆಗೂ ಹೇಳು."

"ಸರ್ಕಾರದ ಜೊತೆ ಯಾರಾದ್ರೂ ಹಟ ಮಾಡ್ತಾರೇನೇ?"

"ಯಾರೂ ಮಾಡಿಲ್ಲ ಅಂತಲೇ ಅವರಿಗೆ ಇಷ್ಟು ಕೊಬ್ಬು."

ಮರುದಿನ ಬೆಳಗ್ಗೆ ಹತ್ತಕ್ಕೆ ಅವಳು ಪಡುವಣ ಆಫೀಸಿನಲ್ಲಿದ್ದಳು. ಬಾಗಿಲು ಪಡುವಣಕ್ಕೆ, ಹಾಗಾಗಿ ಅಲ್ಲಿಗೇ. ಅಲ್ಲಿನ ದಾಖಲೆ ಕೋಣೆ ನೋಡಿಕೊಳ್ಳುವವರನ್ನು ಊರೆಲ್ಲ ಬೀಗದ ಯಜಮಾನರು ಅನ್ನುತ್ತದೆ. ಸೊಂಟದಲ್ಲಿ ಒಂದು ಕೈತುಂಬ ಕೀಲಿಗೊಂಚಲು, ನಾಲ್ಕು ತಿಂಗಳಲ್ಲಿ ನಿವೃತ್ತಿ. ಅಲ್ಲಿಯವರೆಗೆ ಏನೂ ಆಗದಿದ್ದರೆ ಸಾಕು ಅನ್ನುವುದೇ ಅವರ ಬದುಕಿನ ಗುರಿ. ಮನೆ ನೋಂದಣಿ ಪುಸ್ತಕಗಳನ್ನು ಒಂದೊಂದಾಗಿ ಇಳಿಸಿ, ಬೆರಳಿಗೆ ಉಗುಳು ಹಚ್ಚಿ, ಐವತ್ತೈದು ವರ್ಷದ ಪುಟ ತಿರುವಿದರು. ಸೋಮಾರಿತನ ಅವರಲ್ಲಿರಲಿಲ್ಲ, ಅಷ್ಟು ಒಪ್ಪಿಕೊಳ್ಳಬೇಕು.

"ಇಲ್ಲಮ್ಮ. ನಿಮ್ಮ ಮನೆ ನಮ್ಮಲ್ಲಿ ಕಟ್ಟಿಲ್ಲ. ಮೂಡಣದವರನ್ನ ಕೇಳಿ."

ಮೂಡಣ ಆಫೀಸಿನಲ್ಲಿ ಇದ್ದವಳು ಕೆಲಸಕ್ಕೆ ಸೇರಿ ವರ್ಷ ತುಂಬದ ಹುಡುಗಿ. ದಪ್ಪ ಕನ್ನಡಕ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ನೋಡುವ ಅಭ್ಯಾಸ.

"ನಿಮ್ಮ ಬಾಗಿಲು ಯಾವ ಕಡೆ ಆಂಟಿ?"

"ಪಡುವಣಕ್ಕೆ."

"ಹಾಗಾದ್ರೆ ನಮ್ಮಲ್ಲಿ ಹುಡುಕೋ ಹಾಗೇ ಇಲ್ಲ. ಪಡುವಣಕ್ಕೆ ಹೋಗಿ."

ಹೀಗೆ ಶುರುವಾದದ್ದು ಮೂರು ವಾರ ನಡೆಯಿತು. ಎರಡೂ ಆಫೀಸಿನ ನಡುವೆ ಇಪ್ಪತ್ತು ನಿಮಿಷದ ನಡಿಗೆ. ಮೂಡಣದವರು ಪಡುವಣದವರ "ನಮ್ಮಲ್ಲಿಲ್ಲ" ಕಾಗದ ತನ್ನಿ ಅಂದರು. ಪಡುವಣದವರು ಮೂಡಣದವರ "ನಮ್ಮಲ್ಲಿಲ್ಲ" ಕಾಗದ ಇಲ್ಲದೆ ನಮ್ಮದು ಕೊಡುವುದಿಲ್ಲ ಅಂದರು. ಯಾರು ಮೊದಲು ಇಲ್ಲ ಅನ್ನಬೇಕು ಅನ್ನುವುದಕ್ಕೇ ಹನ್ನೊಂದು ದಿನ ಕಳೆಯಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈ ಮುಗಿದು ಮನೆ ಸೇರುತ್ತಿದ್ದರು. ಇವಳು ಹೊಲಿಗೆಯ ಚೀಲವನ್ನೂ ಜೊತೆಗೆ ಒಯ್ದು, ಎರಡೂ ಆಫೀಸಿನ ಬೆಂಚಿನ ಮೇಲೆ ಕೂತು ಕಾಜಾ ಹಾಕುತ್ತಿದ್ದಳು. ಊಟಕ್ಕೆ ಹೋಗಿ ಎಂದರೆ ಹೋಗಲಿಲ್ಲ, ನಾಳೆ ಬನ್ನಿ ಎಂದರೆ ನಾಳೆ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿರುತ್ತಿದ್ದಳು. ಕೊನೆಗೆ ಅವಳ ಕಾಟ ತಡೆಯಲಾರದೆ ಎರಡೂ ಕಡೆಯವರು ಒಂದೇ ದಿನ ಒಂದೇ ತಾರೀಖು ಹಾಕಿ ಕಾಗದ ಕೊಟ್ಟರು.

ಎರಡನ್ನೂ ಹಿಡಿದುಕೊಂಡು ರಸ್ತೆ ಇಂಜಿನಿಯರ ಹತ್ತಿರ ಹೋದಳು. ಇಂಜಿನಿಯರು ನುಣ್ಣಗೆ ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಕಾಗದ ಓದಿ, ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟು, ಮೆಲ್ಲಗೆ ನಕ್ಕರು.

"ಒಳ್ಳೇದಾಯ್ತು. ಎರಡು ಜಿಲ್ಲೆಯವರೂ ಈ ಮನೆ ಇಲ್ಲ ಅಂತ ಬರೆದುಕೊಟ್ಟಿದ್ದಾರೆ. ನಮ್ಮ ಕೆಲಸ ನೀವೇ ಮಾಡಿದ್ರಿ ಮೇಡಂ."

"ಇಲ್ಲದ ಮನೇನ ಕೆಡವೋದು ಹೇಗೆ ಸಾರ್?"

"ಏನು?"

"ಮನೆ ಇಲ್ಲ ಅಂದ್ರೆ ಜೆಸಿಬಿ ಯಾಕೆ? ಇದೆ ಅಂದ್ರೆ ದಾಖಲೆ ಯಾಕೆ? ಎರಡರಲ್ಲಿ ಒಂದು ಹೇಳಿ. ಬರೆದು ಕೊಟ್ರೆ ಇನ್ನೂ ಒಳ್ಳೇದು."

ಇಂಜಿನಿಯರಿಗೆ ನಗು ಇಳಿಯಿತು. "ನೋಡಿ, ನಿಮ್ಮ ಅಣ್ಣ ಒಪ್ಪಿ ಸಹಿ ಹಾಕಿದ್ದಾರೆ. ಮನೆ ನಿಮ್ಮ ತಂದೇದು. ನಿಮ್ಮ ಹತ್ರ ಮಾತಾಡ್ತಾ ಇರೋದೇ ನನ್ನ ಒಳ್ಳೇತನ," ಅಂದರು. ಅವರ ಅಂಗಿಗೆ ಹಾಕಿದ್ದು ಮೆಷಿನ್ ಕಾಜಾ, ಮೂರನೆಯದರ ದಾರ ಬಿಚ್ಚಿಕೊಳ್ಳುತ್ತಿದೆ ಅನ್ನುವುದನ್ನು ಅವಳು ಗಮನಿಸಿದಳು. ಹೇಳಲಿಲ್ಲ. ಹೇಳುವಷ್ಟು ಒಳ್ಳೇತನ ಅವಳಲ್ಲಿ ಅವತ್ತು ಉಳಿದಿರಲಿಲ್ಲ.

ಇನ್ನು ಉಳಿದದ್ದು ಒಂಬತ್ತು ದಿನ.

ಮನೆಗೆ ಬಂದವಳು ಮೇಜಿನ ಮುಂದೆ ಕೂರಲಿಲ್ಲ. ಕೆಲಸಕ್ಕೆ ಕೈ ಏಳಲಿಲ್ಲ. ಒಳಕೋಣೆಗೆ ಹೋಗಿ ಹಾಸಿಗೆಯ ಮೇಲೆ ಮಲಗಿದಳು, ಮಧ್ಯಾಹ್ನ ಮೂರು ಗಂಟೆಗೆ! ಅವಳು ಜನ್ಮದಲ್ಲೇ ಹಾಗೆ ಮಲಗಿದವಳಲ್ಲ. ಎದುರಿಗೆ ಮೂಡಣದ ಗೋಡೆ. ಆ ಗೋಡೆಯ ಗಾರೆ ನಡುವೆ ಮಾತ್ರ ಯಾವಾಗಲೂ ಬಿರುಕು ಬಿಡುತ್ತದೆ, ಆಳೆತ್ತರಕ್ಕೆ, ಎರಡು ಕಡೆ ನೆಟ್ಟಗೆ. ಎಷ್ಟು ಸಲ ಮೆತ್ತಿದರೂ ಅಷ್ಟೇ. ಅಲ್ಲಿ ಮೊದಲು ಬಾಗಿಲಿತ್ತು. ಅದು ಅವಳಿಗೆ ಗೊತ್ತಿದ್ದದ್ದೇ, ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅಪ್ಪ ಆ ಕಥೆಯನ್ನು ನೂರು ಸಲ ಹೇಳಿದ್ದ. ಮೂಡಣದ ಪಕ್ಕದವನು ಇದ್ದಿಲ ಮಂಡಿ ಇಟ್ಟ, ಪುಡಿಯೆಲ್ಲ ಮನೆಗೆ ಬರುತ್ತಿತ್ತು, ನಾನು ಸಿಟ್ಟಿನಲ್ಲಿ ಒಂದೇ ದಿನದಲ್ಲಿ ಬಾಗಿಲು ಮುಚ್ಚಿ ಈ ಕಡೆ ಒಡೆದೆ, ನನ್ನ ತಂಟೆಗೆ ಬಂದರೆ ಹೀಗೇ, ಅಂತ ತೊಡೆ ತಟ್ಟುತ್ತಿದ್ದ. ಅವಳಿಗೆ ಆಗ ಆರು ವರ್ಷ.

ಅವಳು ಎದ್ದು ಕೂತಳು.

ಮೂರು ವಾರದಿಂದ ಬಾಗಿಲು ಯಾವ ಕಡೆ ಅಂದಾಗೆಲ್ಲ ಇವತ್ತಿನ ಬಾಗಿಲನ್ನೇ ಹೇಳುತ್ತಿದ್ದಳಲ್ಲ! ಮನೆ ಕಟ್ಟಿದಾಗ ಬಾಗಿಲಿದ್ದದ್ದು ಮೂಡಣಕ್ಕೆ. ಅಂದರೆ ಮನೆ ಹುಟ್ಟಿದ್ದು ಮೂಡಣದಲ್ಲಿ. ಹಣೆ ಚಚ್ಚಿಕೊಂಡಳು. ಗೋಡೆಯೇ ಐವತ್ತು ವರ್ಷದಿಂದ ಬಾಯಿ ಬಿಟ್ಟುಕೊಂಡು ಹೇಳುತ್ತಿತ್ತು, ಇವಳು ಸಿಮೆಂಟು ಮೆತ್ತಿ ಬಾಯಿ ಮುಚ್ಚಿಸುತ್ತಿದ್ದಳು.

ಮರುದಿನ ಕನ್ನಡಕದ ಹುಡುಗಿಯ ಮುಂದೆ ನಿಂತಾಗ ಮಾತೇ ಬೇರೆಯಾಗಿತ್ತು. "ಬಾಗಿಲು ಮೂಡಣಕ್ಕೆ ಮಗಳೇ. ನಲವತ್ತೆಂಟು ವರ್ಷದ ಹಿಂದಿನವರೆಗೆ. ಕಂಪ್ಯೂಟರ್ ಬಿಡು, ಹಳೇ ಪುಸ್ತಕ ಇಳಿಸು."

ಹುಡುಗಿ ಇಳಿಸಿದಳು. ಧೂಳಿಗೆ ಇಬ್ಬರೂ ಸೀನಿದರು. ಹನ್ನೆರಡರ ಹೊತ್ತಿಗೆ ಪುಟ ಸಿಕ್ಕಿತು. ಬೀದಿ ಅದೇ, ಅಳತೆ ಅದೇ, ಎರಡು ಕೋಣೆ ಒಂದು ಅಡುಗೆಮನೆ. ಮಾಲೀಕರ ಹೆಸರಿನ ಮೇಲೆ ಮಾತ್ರ ಕೆಂಪು ಮಸಿಯಲ್ಲಿ ದಪ್ಪಗೆ ಗೀಚಿ ಹೊಡೆದು ಹಾಕಿದ್ದರು, ಒಂದಕ್ಷರ ಕಾಣುವುದಿಲ್ಲ. ಪಕ್ಕದಲ್ಲಿ ಸಣ್ಣಗೆ ಬರೆದಿತ್ತು: ಬಾಗಿಲು ತಿರುಗಿದೆ, ಪಡುವಣದ ಬಾಗಿಲು ಪುಸ್ತಕ ಮೂರು ನೋಡಿ.

"ಹೊಡೆದು ಹಾಕಿದ ಪುಟಕ್ಕೆ ನಕಲು ಕೊಡೋ ಹಾಗಿಲ್ಲ ಆಂಟಿ," ಅಂದಳು ಹುಡುಗಿ. ಅವಳ ಮುಖವೂ ಸಪ್ಪಗಾಗಿತ್ತು. "ಆ ಬಾಗಿಲು ಪುಸ್ತಕ ಪಕ್ಕದಲ್ಲಿಟ್ಟು ತಾಳೆ ನೋಡಿದ್ರೆ ಮಾತ್ರ ಕೊಡಬಹುದು."

ಕಾಜಾಕ್ಕ ಅಲ್ಲಿಂದ ನಡೆದದ್ದಲ್ಲ, ಓಡಿದ್ದು. ಬೀಗದ ಯಜಮಾನರು ಕೇಳಿ, ತಲೆ ಆಡಿಸಿ, "ಓಹೋ, ಬಾಗಿಲು ಪುಸ್ತಕವಾ! ಇದೆಯಲ್ಲ, ಆ ಕಪಾಟಿನಲ್ಲಿದೆ," ಅಂದರು. ಒಂದು ಕಾಲದಲ್ಲಿ ಜನ ಹೀಗೆ ಬಾಗಿಲು ತಿರುಗಿಸಿ ಜಿಲ್ಲೆ ಬದಲಾಯಿಸುತ್ತಿದ್ದರಂತೆ. ಈ ಕಡೆ ನಲ್ಲಿ ನೀರು ಮೊದಲು ಬಂದಾಗ ಹನ್ನೊಂದು ಮನೆ ಒಂದೇ ತಿಂಗಳಲ್ಲಿ ತಿರುಗಿದವಂತೆ. ಅವು ಪಡುವಣದಲ್ಲಿ ಕಟ್ಟಿದ ಮನೆಗಳಲ್ಲವಲ್ಲ, ಹಾಗಾಗಿ ಮನೆ ಪುಸ್ತಕಕ್ಕೆ ಸೇರಿಸಲಿಲ್ಲ, ಬೇರೆ ಬಾಗಿಲು ಪುಸ್ತಕ ಮಾಡಿದರು. ಆಮೇಲೆ ತಿರುಗಿಸುವುದನ್ನೇ ನಿಲ್ಲಿಸಿದರು.

"ಮೂರು ವಾರ ಇಲ್ಲೇ ಕೂತಿದ್ದೆನಲ್ಲ ಯಜಮಾನ್ರೇ. ಒಂದು ಮಾತು ಹೇಳಬಾರದಿತ್ತಾ?"

"ಬಾಗಿಲು ತಿರುಗಿದ್ದು ಅಂತ ನೀವು ಹೇಳಲಿಲ್ಲವಲ್ಲಮ್ಮ. ಮನೆ ಪುಸ್ತಕ ಅಂದ್ರಿ, ಮನೆ ಪುಸ್ತಕ ನೋಡಿದೆ."

ಅವಳಿಗೆ ಆ ಕೀಲಿಗೊಂಚಲನ್ನು ಕಿತ್ತು ಬಾವಿಗೆ ಎಸೆಯಬೇಕು ಅನ್ನಿಸಿತು. ಸಾವರಿಸಿಕೊಂಡು, "ತೆಗೀರಿ," ಅಂದಳು. ತೆಗೆಯುವ ಹಾಗಿಲ್ಲವಂತೆ. ಬಾಗಿಲು ಪುಸ್ತಕ ಬಿಚ್ಚಬೇಕಾದರೆ ಮೂಡಣದ ಮೂಲ ಪುಸ್ತಕ ಎದುರಿಗಿರಬೇಕು. ಮೂಡಣದ ಮೂಲ ಪುಸ್ತಕ ಜಿಲ್ಲೆಯ ಗಡಿ ದಾಟಬಾರದು. ಇವರದ್ದೂ ಗಡಿ ದಾಟಬಾರದು. ನಿಯಮ ಮಾಡಿದವನಿಗೆ ಮೇಲಿಂದ ಗೆರೆ ಎಳೆದವನೇ ಗುರು ಇರಬೇಕು.

"ನಿಯಮ ಓದಿ ಹೇಳಿ," ಅಂದಳು.

"ಹೇಳಿದೆನಲ್ಲ."

"ನೀವು ಹೇಳಿದ್ದು ಬೇಡ. ಬರೆದಿರೋದನ್ನ ಓದಿ."

ಯಜಮಾನರು ಗೊಣಗುತ್ತಾ ನಿಯಮದ ಪುಸ್ತಕ ತೆಗೆದು ಓದಿದರು. ಮೂಲ ಪುಸ್ತಕ ಸ್ಥಳ ತನಿಖೆಗೆ ಆಫೀಸಿನಿಂದ ಹೊರಗೆ ಹೋಗಬಹುದು, ಜಿಲ್ಲೆಯ ಗಡಿ ಮಾತ್ರ ದಾಟಬಾರದು. ಕಾಜಾಕ್ಕ ಇನ್ನೊಂದು ಸಲ ಓದಿಸಿದಳು. ಆಮೇಲೆ ಮೊದಲ ಸಲ ಆ ಆಫೀಸಿನಲ್ಲಿ ನಕ್ಕಳು.

"ಗಡಿ ನನ್ನ ಮುಂದಿನ ಕೋಣೇಲಿ ಹೋಗುತ್ತೆ. ನನ್ನ ಮೇಜನ್ನ ಗಡಿ ಮೇಲೆ ಇಡ್ತೀನಿ. ಅವಳ ಪುಸ್ತಕ ಅವಳ ಜಿಲ್ಲೇಲಿ, ನಿಮ್ಮ ಪುಸ್ತಕ ನಿಮ್ಮ ಜಿಲ್ಲೇಲಿ. ಯಾವುದು ದಾಟ್ತು ಹೇಳಿ?"

ಯಜಮಾನರು ಹಿಂದೆ ಸರಿದರು. ನಾಲ್ಕು ತಿಂಗಳು ಉಳಿದಿದೆ, ನನ್ನ ಹೊಟ್ಟೆಗೆ ಕಲ್ಲು ಹಾಕಬೇಡಿ ಅಂದರು. ಮೇಲಿನವರನ್ನು ಕೇಳಬೇಕು ಅಂದರು. ಐದು ದಿನ ಹೀಗೇ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಅವಳು ಐದು ದಿನವೂ ಬಂದು ಬೆಂಚಿನ ಮೇಲೆ ಕೂತಳು. ಆರನೆಯ ದಿನ ಸೂಜಿ ಪಕ್ಕಕ್ಕಿಟ್ಟು ಎದ್ದು ಬಂದು ಅವರ ಮೇಜಿನ ಮುಂದೆ ನಿಂತಳು.

"ಯಜಮಾನ್ರೇ, ಸರ್ವಿಸ್ ಎಷ್ಟಾಯ್ತು?"

"ಮೂವತ್ತಾರು ವರ್ಷ."

"ಮೂವತ್ತಾರು ವರ್ಷ ಕೀಲಿ ಹೊತ್ತಿದ್ದು ಯಾಕೆ? ಒಂದು ದಿನ ಯಾರೋ ಬಂದು ಕೇಳಿದಾಗ ತೆಗೆದು ತೋರಿಸೋಕೆ ತಾನೇ? ನಾನು ಬಂದಿದ್ದೀನಿ. ಕೇಳ್ತಾ ಇದ್ದೀನಿ. ನಾಡಿದ್ದು ನನ್ನ ಗಡುವು. ಆಗಲ್ಲ ಅಂದ್ರೆ ಆಗಲ್ಲ ಅಂತ ಬರೆದು ಕೊಡಿ, ಕಾರಣ ಹಾಕಿ, ಸಹಿ ಮಾಡಿ."

ಅವರು ಪೆನ್ನು ತೆಗೆದರು. ಕಾಗದ ಎಳೆದುಕೊಂಡರು. ಕಾರಣ ಎಂದು ಬರೆದು, ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು. ಬರೆಯುವುದಕ್ಕೆ ಕಾರಣ ಸಿಗಲಿಲ್ಲ. "ನಾಡಿದ್ದು ಎಷ್ಟು ಗಂಟೆಗೆ?" ಅಂತ ಕೇಳಿದರು.

ನಾಡಿದ್ದು ಮೂವತ್ತನೆಯ ದಿನ. ಅವತ್ತು ಕಾಜಾಕ್ಕ ಬೆಳಗ್ಗೆ ಎದ್ದು ಮನೆಯ ಬಡಗಣ ಮತ್ತು ತೆಂಕಣ ಮಗ್ಗುಲಿನ ಸರ್ವೆ ಕಲ್ಲುಗಳ ನಡುವೆ, ಗೋಡೆಯ ಗಾಳಿಕಿಂಡಿಗಳಲ್ಲಿ ಹಾಯಿಸಿ, ಬಿಳಿ ದಾರ ಬಿಗಿದಳು. ಕೋಣೆಯೊಳಗೆ ದಾರ ಹಾಯುವ ಜಾಗಕ್ಕೆ ಮೇಜನ್ನು ಎಳೆದು ತಂದು, ದರ್ಜಿಗಳ ಸುಣ್ಣದ ಬಿಲ್ಲೆಯಿಂದ ಮೇಜಿನ ಮೇಲೆ ಗೆರೆ ಎಳೆದಳು. ಗೆರೆ ಎಳೆಯುವುದರಲ್ಲಿ ಅವಳದು ಎತ್ತಿದ ಕೈ.

ಹತ್ತಕ್ಕೆ, ಕೇಳಿದ ದಿನವೇ ಒಪ್ಪಿದ್ದ ಕನ್ನಡಕದ ಹುಡುಗಿ ಪುಸ್ತಕವನ್ನು ಮಗುವಿನ ಹಾಗೆ ಅವುಚಿಕೊಂಡು ಅಡುಗೆಮನೆಯ ಹಿಂಬಾಗಿಲಿನಿಂದ, ಅಂದರೆ ಮೂಡಣದ ಕಡೆಯಿಂದಲೇ ಬಂದಳು. ಯಜಮಾನರು ಮುಂದಿನಿಂದ ಬಂದರು, ಹೊಸಿಲಲ್ಲಿ ನಿಂತು ದಾರವನ್ನು ಎರಡು ಸಲ ನೋಡಿ ಒಳಗೆ ಕಾಲಿಟ್ಟರು. ಅವರ ಹಿಂದೆಯೇ ಇಂಜಿನಿಯರು. ರಸ್ತೆಯಲ್ಲಿ ಜೆಸಿಬಿ ಗುರುಗುಟ್ಟುತ್ತಾ ನಿಂತಿತ್ತು. ಅದರ ಸದ್ದಿಗೆ ಕಿಟಕಿಯ ಗಾಜು ನಡುಗುತ್ತಿತ್ತು. ಕೊನೆಗೆ ಅಣ್ಣ, ತಂಗಿಯ ಸಾಮಾನು ಸಾಗಿಸಲು ಡಿಪೋದಿಂದ ರಜೆ ಹಾಕಿ ಬಂದವನು, ಗೋಡೆಗೆ ಒರಗಿ ನಿಂತ.

"ಇದೇನು ನಾಟಕ?" ಅಂದರು ಇಂಜಿನಿಯರು.

"ದಾಖಲೆ ಸಾರ್. ಮೂವತ್ತು ದಿನ ಅಂದಿದ್ರಿ, ಇವತ್ತು ಸಂಜೆವರೆಗೆ ಇದೆ. ಕೂತ್ಕೊಳ್ಳಿ. ಯಾವ ಜಿಲ್ಲೇಲಿ ಕೂತ್ರೂ ಸರಿ."

ಹುಡುಗಿ ತನ್ನ ಪುಸ್ತಕ ಬಿಚ್ಚಿ ಗೆರೆಯ ಆ ಕಡೆ ಇಟ್ಟಳು. ಯಜಮಾನರು ಈ ಕಡೆ ಬಾಗಿಲು ಪುಸ್ತಕ ಮೂರು ಇಟ್ಟು, ಅದರ ಸಣ್ಣ ಬೀಗಕ್ಕೆ ಏಳನೆಯ ಕೀಲಿ ಹಾಕಿದರು. ಗೆರೆಯಿಂದ ಎರಡು ಬೆರಳು ದೂರ. ಆ ಊರು ಹುಟ್ಟಿದ ಮೇಲೆ ಎರಡು ಜಿಲ್ಲೆಯ ಪುಸ್ತಕಗಳು ಒಂದೇ ಮೇಜಿನ ಮೇಲೆ ಬಂದದ್ದು ಅದೇ ಮೊದಲು. ಅಳತೆ ತಾಳೆಯಾಯಿತು. ಬೀದಿ ತಾಳೆಯಾಯಿತು. ತಾರೀಖು ಓದಿದರು, ರಸ್ತೆಗಿಂತ ಮೂರು ವರ್ಷ ಹಿಂದಿನದು. ಇಂಜಿನಿಯರು ಬಾಗಿ ನೋಡಿದರು.

"ಮಾಲೀಕರ ಹೆಸರು ಓದಿ," ಅಂದಳು ಹುಡುಗಿ. "ನಮ್ಮಲ್ಲಿ ಕೆಂಪು ಮಸಿ ಬಿದ್ದಿದೆ."

ಯಜಮಾನರು ಓದಿದರು. ಅದು ಅಪ್ಪನ ಹೆಸರಲ್ಲ. ಅಮ್ಮನ ಹೆಸರು.

ಅಣ್ಣ ಗೋಡೆ ಬಿಟ್ಟು ಮುಂದೆ ಬಂದ. "ಸರಿಯಾಗಿ ನೋಡಿ," ಅಂದ. ಯಜಮಾನರು ಕನ್ನಡಕ ಒರೆಸಿಕೊಂಡು ಇಡೀ ಸಾಲು ಓದಿದರು. ಅರ್ಜಿದಾರರು, ಮನೆ ಕಟ್ಟಿಸಿದವರು, ಎರಡಕ್ಕೂ ಅದೇ ಹೆಸರು. ವೃತ್ತಿ: ಯೂನಿಫಾರಂ ಕಾರ್ಖಾನೆಯಲ್ಲಿ ಹೊಲಿಗೆ. ಬಾಗಿಲು ತಿರುಗಿಸಲು ಕಾರಣ: ಪಾಳಿ ಮುಗಿಸಿ ಬಂದ ಮೇಲೆ ಹೊಲಿಯುವುದಕ್ಕೆ ಮಧ್ಯಾಹ್ನದ ಬೆಳಕು ಬೇಕು. ಗಂಡನ ಒಪ್ಪಿಗೆ ಇದೆಯೇ: ಕೇಳಿಲ್ಲ.

"ಏನಂತ?" ಅಂದಳು ಕಾಜಾಕ್ಕ.

"ಕೇಳಿಲ್ಲ, ಅಂತ ಬರೆಸಿದ್ದಾರೆ. ಕೆಳಗೆ ಸಹಿ ಇದೆ."

ಅವಳು ಗೆರೆ ದಾಟದ ಹಾಗೆ ಬಾಗಿ ಆ ಸಹಿ ನೋಡಿದಳು. ಅಮ್ಮ ಅಕ್ಷರ ಬರೆಯುವಾಗ ಹೊಲಿಗೆ ಹಾಕಿದ ಹಾಗೇ ಒತ್ತಿ ಒತ್ತಿ ಬರೆಯುತ್ತಿದ್ದಳು. ಅದೇ. ಅಪ್ಪ ತೊಡೆ ತಟ್ಟಿಕೊಂಡು ಇದ್ದಿಲ ಮಂಡಿಯ ಕಥೆ ಹೇಳುವಾಗೆಲ್ಲ ಅಮ್ಮ ಒಳಗೆ ಮೆಷಿನ್ ತುಳಿಯುತ್ತಾ ಇರುತ್ತಿದ್ದಳು. ಒಂದು ದಿನವೂ ಅಲ್ಲ ಅನ್ನಲಿಲ್ಲ. ಗಂಡನ ಬಾಯಿ ದೊಡ್ಡದು, ಹೇಳಿಕೊಳ್ಳಲಿ ಅಂತ ಬಿಟ್ಟಳೋ, ಬರೆಸಬೇಕಾದ ಕಡೆ ಬರೆಸಿದ್ದೇನೆ ಅನ್ನುವ ನೆಮ್ಮದಿಯೋ. ಮೂವತ್ತೆರಡು ವರ್ಷ ತಾನು ಕೂತು ಬಾಳಿದ ಬೆಳಕನ್ನು ಅಮ್ಮ ಅರ್ಜಿ ಹಾಕಿ ತರಿಸಿದ್ದಳು. ಕಾಜಾಕ್ಕನಿಗೆ ಹೆಮ್ಮೆಯೂ ಸಂಕಟವೂ ಒಟ್ಟಿಗೇ ಬಂದವು.

ಇಂಜಿನಿಯರು ಕೆಮ್ಮಿದರು. "ಆಯ್ತು, ಮನೆ ಹಳೇದೇ. ಆದ್ರೆ ಮಗ ಒಪ್ಪಿಗೆ ಕೊಟ್ಟಾಗಿದೆ."

"ಅಪ್ಪನ ಮನೆ ಅಂತ ಕೊಟ್ಟಿದ್ದು ಸಾರ್," ಅಂದ ಅಣ್ಣ. ಇಂಜಿನಿಯರ ಮುಂದೆ ಕೈ ಚಾಚಿದ. "ಅಪ್ಪನ ಮನೆ ಇದ್ರೆ ಕೆಡವಿಕೊಳ್ಳಿ. ಇದು ಅಮ್ಮಂದು. ಆ ಕಾಗದ ವಾಪಸ್ ಕೊಡಿ."

ತಂಗಿ ಅವನನ್ನು ನೋಡಿದಳು. ಇಷ್ಟು ವರ್ಷದಲ್ಲಿ ಅವನು ಮೊಹರಿನ ಎದುರು ಬೆನ್ನು ನೆಟ್ಟಗೆ ಮಾಡಿ ನಿಂತದ್ದನ್ನು ಅವಳು ನೋಡಿರಲಿಲ್ಲ. ಇಂಜಿನಿಯರು ಕಾಗದ ಕೊಟ್ಟರು. ಕೊಡದೆ ಬೇರೆ ದಾರಿ ಇರಲಿಲ್ಲ, ದಾಖಲೆ ತಂದರೆ ಬಿಡುತ್ತೇವೆ ಅಂತ ನೋಟೀಸಿನಲ್ಲಿ ಅವರೇ ಬರೆದಿದ್ದರಲ್ಲ. ಹೊರಗೆ ಹೋಗಿ ಜೆಸಿಬಿಯವನಿಗೆ ಏನೋ ಹೇಳಿದರು. ರಸ್ತೆಯನ್ನು ಎದುರಿಗಿರುವ, ಯಾರೂ ವಾಸವಿಲ್ಲದ ಹಳೇ ಲಾರಿ ತೂಕದ ಅಂಗಳದ ಕಡೆಗೆ ಸರಿಸಬೇಕಾಗುತ್ತದೆ, ನಕ್ಷೆ ಮತ್ತೆ ಮಾಡಬೇಕು ಅಂತ ಫೋನಿನಲ್ಲಿ ಯಾರಿಗೋ ಕೂಗುವುದು ಒಳಗಿನವರೆಗೂ ಕೇಳಿಸಿತು. ಗಾಜಿನ ನಡುಕ ನಿಂತಿತು.

"ಆಂಟಿ, ವಾರಸುದಾರರ ಹೆಸರು ಹಾಕಬೇಕು," ಅಂದಳು ಹುಡುಗಿ. "ಯಾರ ಪುಸ್ತಕದಲ್ಲಿ ಹಾಕೋದು? ನಮ್ಮದರಲ್ಲೋ, ಅವರದರಲ್ಲೋ?"

"ಎರಡರಲ್ಲೂ ಹಾಕು. ಇಲ್ಲ ಅಂತ ಹೇಳೋಕೆ ಎರಡೂ ಕಡೆಯವರಿದ್ರು, ಇದೆ ಅಂತ ಹೇಳೋಕೂ ಇರಲಿ. ನಮ್ಮಿಬ್ಬರ ಹೆಸರೂ ಬರೀರಿ. ನನ್ನದು ಮೊದಲು."

ಹುಡುಗಿ ಅಣ್ಣನ ಮುಖ ನೋಡಿದಳು.

"ಅವಳದು ಮೊದಲು," ಅಂದ ಅಣ್ಣ.

ಬರೆದರು. ಕೊನೆಗೆ ಒಂದು ಕಾಲಂ ಉಳಿದಿತ್ತು. ಮನೆ ಬಿಟ್ಟುಕೊಡಲು ಸಮ್ಮತಿ ಇದೆಯೇ ಅಂತ. ಕಾಜಾಕ್ಕ ಇಲ್ಲ ಅಂದಳು. ಇಬ್ಬರೂ ಬಾಗಿ ಬರೆದರು. ಅವಳು ಗೆರೆಯ ಆ ಕಡೆ ಹೋಗಿ ಹುಡುಗಿ ಬರೆದದ್ದನ್ನು ಓದಿದಳು, ಈ ಕಡೆ ಬಂದು ಯಜಮಾನರು ಬರೆದದ್ದನ್ನು ಓದಿದಳು. ಯಜಮಾನರ ಪುಸ್ತಕದ ಮೇಲೆ ಬೆರಳಿಟ್ಟಳು.

"ಇದೇನಿದು, ಸದ್ಯಕ್ಕೆ ಇಲ್ಲ?"

"ಅದು ಹಾಗೇ ಬರೆಯೋ ವಾಡಿಕೆ ಅಮ್ಮ."

"ಸದ್ಯಕ್ಕೆ ಅನ್ನೋದನ್ನ ಹೊಡೆದು ಹಾಕಿ," ಅಂದಳು ಕಾಜಾಕ್ಕ.

ಯಜಮಾನರು ಅವಳ ಮುಖ ನೋಡಿದರು, ಪುಸ್ತಕ ನೋಡಿದರು, ಕೆಂಪು ಪೆನ್ನಿಗೆ ಕೈ ಹಾಕಿದರು. ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿದರು. ಮಸಿ ಒಣಗುವವರೆಗೆ ಅವಳು ಯಾರನ್ನೂ ಎದ್ದೇಳುವುದಕ್ಕೆ ಬಿಡಲಿಲ್ಲ.